ಗುಜರಿಗೂ ಬೇಡವಾದ ದೀಪ

ನಮ್ಮ ಮನೆಯ ಹಳೇ ಸಾಮಾನಿಗೆ ಎಷ್ಟು ಬೆಲೆ ಎನ್ನುವುದು ನಮಗಿಂತ ಚೆನ್ನಾಗಿ ಗೊತ್ತಿರುವುದು ಗುಜರಿಯವರಿಗೆ. ಪೇಪರಿಗೆ ಒಂದು ದರ, ರಟ್ಟಿಗೆ ಒಂದು ದರ. ಕಬ್ಬಿಣ, ಹಿತ್ತಾಳೆ, ಖಾಲಿ ಬಾಟಲಿ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಕೆಟ್ಟು ಕೂತ ಮಿಕ್ಸಿ, ಎಲ್ಲಕ್ಕೂ ಅವರ ಬಾಯಲ್ಲಿ ಲೆಕ್ಕ ಸಿದ್ಧವಾಗಿರುತ್ತದೆ. ಆದರೆ ಫ್ಯೂಸ್ ಹೋದ ಒಂದು ಟ್ಯೂಬ್‌ಲೈಟನ್ನು ಅವರ ಮುಂದೆ ಹಿಡಿದು ನೋಡಿ. ಪುಕ್ಕಟೆ ಕೊಡುತ್ತೇನೆ ಎಂದರೂ ತಕ್ಕಡಿ ಎತ್ತುವುದಿಲ್ಲ. ಚೋಕ್ ಇದ್ದರೆ ಕೊಡಿ, ಅದರಲ್ಲಿ ತಾಮ್ರ ಇದೆ. ಪಟ್ಟಿ ಇದ್ದರೆ ಕೊಡಿ, ಅದು ತಗಡು. ಟ್ಯೂಬ್ ಮಾತ್ರ ನೀವೇ ಇಟ್ಟುಕೊಳ್ಳಿ ಎನ್ನುತ್ತಾರೆ.

ಈ ಹೊತ್ತಿನ ನನ್ನ ಮಾತೆಲ್ಲ ಆ ನಿರಾಕರಣೆಯ ಸುತ್ತಲೇ ಇದೆ. ಪಾದರಸ ಇರುವ ದೀಪಗಳ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ವಿಷದಿಂದ ಶುರುಮಾಡುತ್ತಾರೆ. ನಾನು ಬೆಲೆಯಿಂದ ಶುರುಮಾಡಿದ್ದೇನೆ. ನಮ್ಮ ದೇಶದಲ್ಲಿ ಯಾವ ವಸ್ತು ಮರುಬಳಕೆ ಆಗುತ್ತದೆ, ಯಾವುದು ಬೀದಿಗೆ ಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಗುಜರಿಯ ತಕ್ಕಡಿಯೇ. ಆ ತಕ್ಕಡಿಗೆ ಏರದ ವಸ್ತುವಿಗೆ ಬೇರೆ ಯಾರಾದರೂ ದಾರಿ ಮಾಡಿಕೊಡಬೇಕು. ಹಾಗೆ ಮಾಡಿಕೊಡದ ಕಾರಣಕ್ಕೇ ಸತ್ತ ಟ್ಯೂಬು ಮೆಟ್ಟಿಲ ಕೆಳಗೆ, ಸಜ್ಜದ ಮೇಲೆ, ಬೀರುವಿನ ಹಿಂದೆ ವರ್ಷಗಟ್ಟಲೆ ನಿಂತಿರುತ್ತದೆ. ಮನೆಗೆ ಸುಣ್ಣ ಬಣ್ಣ ಮಾಡಿಸುವ ವರ್ಷ ಖಾಲಿ ಸೈಟಿಗೋ ಟ್ರಾನ್ಸ್‌ಫಾರ್ಮರ್ ಮೂಲೆಗೋ ಹೋಗುತ್ತದೆ. ಅಲ್ಲಿ ಯಾವುದೋ ಹುಡುಗನ ಕಲ್ಲಿಗೆ ಢಬ್ ಎಂದು ಒಡೆಯುತ್ತದೆ.

ಆ ಢಬ್ ಸದ್ದು ಯಾಕೆ? ಟ್ಯೂಬಿನ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಗಾಜು ಬಿರಿದ ಕೂಡಲೇ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಒಳಗಿರುವುದು ಸ್ವಲ್ಪ ಆರ್ಗಾನ್ ಅನಿಲ ಮತ್ತು ಅತಿ ಸ್ವಲ್ಪ ಪಾದರಸ. ಸ್ವಿಚ್ ಹಾಕಿದಾಗ ಎರಡು ತುದಿಯ ತಂತಿಸುರುಳಿಗಳ ನಡುವೆ ವಿದ್ಯುತ್ ಹರಿದು ಪಾದರಸದ ಆವಿಯನ್ನು ಕೆರಳಿಸುತ್ತದೆ. ಆಗ ಅದು ಸೂಸುವುದು ಮುಖ್ಯವಾಗಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ, 254 ನ್ಯಾನೋಮೀಟರ್ ತರಂಗದ್ದು. ಗಾಜಿನ ಒಳಮೈಗೆ ಬಳಿದಿರುವ ಬಿಳಿ ಪುಡಿ ಆ ಕಿರಣವನ್ನು ಹೀರಿ, ನಾವು ಓದಲು ಬರೆಯಲು ಬಳಸುವ ಬೆಳಕಾಗಿ ಹೊರಬಿಡುತ್ತದೆ. ಆ ಪುಡಿಗೆ ಫಾಸ್ಫರ್ ಎಂದು ಹೆಸರು. ಬೆಂಕಿಕಡ್ಡಿ ಪೆಟ್ಟಿಗೆಯ ರಂಜಕಕ್ಕೂ ಇದಕ್ಕೂ ಸಂಬಂಧವಿಲ್ಲ. ಸುರುಳಿ ಆಕಾರದ ಸಿಎಫ್‌ಎಲ್ ಬಲ್ಬು ಕೂಡ ಇದೇ ಟ್ಯೂಬು, ತಿರುಚಿ ಚಿಕ್ಕದು ಮಾಡಿದ್ದು ಅಷ್ಟೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಟ್ಯೂಬು ‘ಹೋಗುವುದು’ ಪಾದರಸ ಮುಗಿದದ್ದಕ್ಕಲ್ಲ. ತುದಿಯ ತಂತಿಸುರುಳಿಗೆ ಬಳಿದಿರುವ ಲೇಪ ಸವೆದು ತೀರಿದಾಗ ದೀಪ ಮಿಣುಕಾಡಿ ನಿಲ್ಲುತ್ತದೆ. ತುದಿಗಳಲ್ಲಿ ಕಾಣುವ ಕಪ್ಪು, ಹಾಗೆ ಸವೆದು ಹಾರಿದ್ದರ ಮಸಿ. ಪಾದರಸ ಎಲ್ಲಿಗೂ ಹೋಗಿರುವುದಿಲ್ಲ. ಉರಿದಷ್ಟೂ ಕಾಲ ಅದು ಮೆಲ್ಲಗೆ ಆ ಬಿಳಿ ಪುಡಿಗೂ ಗಾಜಿಗೂ ಅಂಟಿಕೊಂಡು ಒಳಗೇ ಇರುತ್ತದೆ. ಕೆಟ್ಟ ದೀಪದಲ್ಲಿ ಇನ್ನೇನಿದೆ ಎನ್ನುವವರಿಗೆ ಉತ್ತರ ಇದು: ಹೊಸದರಲ್ಲಿ ಎಷ್ಟಿತ್ತೋ ಅಷ್ಟೂ ಇದೆ.

ಎಷ್ಟಿತ್ತು? ಒಂದು ಸಿಎಫ್‌ಎಲ್‌ನಲ್ಲಿ ಸಾಮಾನ್ಯವಾಗಿ ಐದು ಮಿಲಿಗ್ರಾಂ ಆಸುಪಾಸು. ತೆಳು ಟ್ಯೂಬುಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ. ನಮ್ಮ ತಂದೆಯವರ ಕಾಲದ ದಪ್ಪ ನಲವತ್ತು ವಾಟಿನ ಟ್ಯೂಬಿನಲ್ಲಿ ಅದರ ಕೆಲವು ಪಟ್ಟು. ಈ ಅಂಕಿ ಕೇಳಿದ ಜನ ಎರಡು ಪಂಗಡವಾಗುತ್ತಾರೆ. ಇಷ್ಟೇನಾ ಎಂದು ಕೈ ಕೊಡವುವವರು ಒಂದು ಕಡೆ, ಟ್ಯೂಬು ಒಡೆದ ಕೋಣೆಗೆ ಮಕ್ಕಳನ್ನು ವಾರಗಟ್ಟಲೆ ಬಿಡದವರು ಇನ್ನೊಂದು ಕಡೆ. ಇಬ್ಬರ ಲೆಕ್ಕವೂ ಸರಿಯಿಲ್ಲ. ಹನ್ನೆರಡಡಿಗೆ ಹತ್ತಡಿಯ, ಹತ್ತಡಿ ಎತ್ತರದ ಕೋಣೆ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಐದು ಮಿಲಿಗ್ರಾಂ ಪಾದರಸ ಪೂರ್ತಿ ಆವಿಯಾಗಿ ಆ ಗಾಳಿಯಲ್ಲೇ ನಿಂತರೆ ಘನ ಮೀಟರಿಗೆ 147 ಮೈಕ್ರೋಗ್ರಾಂ ಆಗುತ್ತದೆ. ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರು ಹಾಕಿರುವ ಮಿತಿ 25 ಮೈಕ್ರೋಗ್ರಾಂ; ಸದಾ ಉಸಿರಾಡುವ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ವರ್ಷದ ಸರಾಸರಿಯಲ್ಲಿ 1 ಮೈಕ್ರೋಗ್ರಾಂ. ಹಾಗಾಗಿ ‘ಇಷ್ಟೇನಾ’ ಎನ್ನುವ ಹಾಗಿಲ್ಲ. ಆದರೆ ಪಾದರಸ ಒಂದೇ ಏಟಿಗೆ ಆವಿಯಾಗುವುದೂ ಇಲ್ಲ. ಬಹುಪಾಲು ಪುಡಿಯಲ್ಲಿ ಸಿಕ್ಕಿಕೊಂಡಿದ್ದು ದಿನಗಟ್ಟಲೆ, ವಾರಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಕಿಟಕಿ ತೆರೆದು, ಪುಡಿಯನ್ನು ಜಾಗ್ರತೆಯಿಂದ ತೆಗೆದು ಹೊರಗಿಟ್ಟ ಮನೆಗೆ ಒಂದು ಟ್ಯೂಬು ಒಡೆದದ್ದು ದೊಡ್ಡ ಅಪಾಯವಲ್ಲ. ಪುಡಿಯನ್ನು ಜಮಖಾನದ ಎಳೆಗಳಲ್ಲಿ ಬಿಟ್ಟು, ಅದರ ಮೇಲೆ ಕೂಸನ್ನು ಅಂಬೆಗಾಲಿಡಲು ಬಿಟ್ಟ ಮನೆಗೆ ಅಪಾಯವಿದೆ.

ಪಾದರಸದ ಸ್ವಭಾವ ವಿಚಿತ್ರ. ಹಳೆಯ ಥರ್ಮಾಮೀಟರನ್ನು ಮಗು ಕಚ್ಚಿ ನುಂಗಿಬಿಟ್ಟಿತು ಎಂದು ಗಾಬರಿಯಾಗುತ್ತಿದ್ದ ಕಾಲವಿತ್ತು. ಲೋಹರೂಪದ ಪಾದರಸ ಹೊಟ್ಟೆಗೆ ಹೋದರೆ ಹತ್ತು ಸಾವಿರದಲ್ಲಿ ಒಂದು ಪಾಲೂ ರಕ್ತಕ್ಕೆ ಸೇರುವುದಿಲ್ಲ. ಗಾಜಿನ ಚೂರಿನ ಭಯವೇ ದೊಡ್ಡದು. ಅದೇ ಪಾದರಸ ಆವಿಯಾಗಿ ಮೂಗಿನಿಂದ ಹೋದರೆ ಉಸಿರಾಡಿದ್ದರಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ಶ್ವಾಸಕೋಶದ ಮೂಲಕ ರಕ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಮಿದುಳಿಗೆ, ಮೂತ್ರಪಿಂಡಕ್ಕೆ, ಗರ್ಭಿಣಿಯಾಗಿದ್ದರೆ ಕೂಸಿಗೆ ಸಹ. ಬಹುಕಾಲ ಆವಿ ಕುಡಿದವರಲ್ಲಿ ಕೈ ನಡುಗುವುದು, ಒಸಡು ಊದುವುದು, ಮರೆವು, ಕಾರಣವಿಲ್ಲದ ಸಿಡುಕು ಇವೆಲ್ಲ ಕಾಣಿಸಿಕೊಳ್ಳುತ್ತವೆ. ಬಣ್ಣವಿಲ್ಲದ, ವಾಸನೆಯಿಲ್ಲದ ಆವಿಯನ್ನು ಯಾರೂ ಗುರುತಿಸುವುದಿಲ್ಲ.

ಆದ್ದರಿಂದ ಎರಡು ಆಟಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಆಷಾಢದ ಗಾಳಿಗೆ ಪಟ ಹಾರಿಸುವ ಹುಡುಗರು ಮಾಂಜಾ ದಾರಕ್ಕೆ ಗಾಜಿನ ಪುಡಿ ಬೇಕೆಂದು ಹುಡುಕುವುದು ಟ್ಯೂಬ್‌ಲೈಟನ್ನೇ, ಯಾಕೆಂದರೆ ಆ ಗಾಜು ತೆಳು, ಬೇಗ ನುಣ್ಣಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿ, ಗುಂಡುಕಲ್ಲಿನಿಂದ ಅರೆದು, ಅಂಟಿನ ಜೊತೆ ಬರಿಗೈಯಲ್ಲಿ ಕಲಸಿ ದಾರಕ್ಕೆ ಸವರುತ್ತಾರೆ. ಮಾಂಜಾ ದಾರ ಹಕ್ಕಿಗಳ ರೆಕ್ಕೆಯನ್ನೂ ಬೈಕ್ ಸವಾರರ ಕುತ್ತಿಗೆಯನ್ನೂ ಕೊಯ್ಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅರೆಯುವಾಗ ಎದ್ದ ಧೂಳು ಹುಡುಗರ ಮೂಗಿಗೇ ಹೋಗಿರುತ್ತದೆ ಎಂಬುದು ಗೊತ್ತಿಲ್ಲ. ಇನ್ನೊಂದು ಆಟ ದೊಡ್ಡವರದು. ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಬೆನ್ನಿನ ಮೇಲೆ, ತಲೆಯ ಮೇಲೆ ಟ್ಯೂಬ್‌ಲೈಟ್ ಒಡೆಸಿಕೊಳ್ಳುವ ಸಾಹಸ. ಸುತ್ತ ನಿಂತು ಚಪ್ಪಾಳೆ ತಟ್ಟುವವರಲ್ಲಿ ಮುಂದಿನ ಸಾಲು ಸಾಮಾನ್ಯವಾಗಿ ಮಕ್ಕಳದೇ. ಸಾಹಸ ತೋರಿಸಲು ಬೇರೆ ನೂರು ದಾರಿಗಳಿವೆ.

ಟ್ಯೂಬ್‌ಲೈಟಿನ ಗಾಜು ಚುಚ್ಚಿದರೆ ಗಾಯ ಮಾಯುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಹಳೆಯ ಎಲೆಕ್ಟ್ರಿಷಿಯನ್‌ಗಳು ಈಗಲೂ ಹೇಳುತ್ತಾರೆ. ಇದು ಬರೀ ಗಾಳಿಮಾತಲ್ಲ, ಇದಕ್ಕೊಂದು ಚರಿತ್ರೆಯಿದೆ, ಪಾದರಸದ್ದಲ್ಲ. ಫ್ಲೋರೆಸೆಂಟ್ ಟ್ಯೂಬು ಅಮೆರಿಕದಲ್ಲಿ 1938ರಲ್ಲಿ ಮಾರುಕಟ್ಟೆಗೆ ಬಂದಾಗ ಒಳಗಿನ ಬಿಳಿ ಪುಡಿಯಲ್ಲಿ ಬೆರಿಲಿಯಂ ಎಂಬ ಲೋಹದ ಸಂಯುಕ್ತ ಬೆರೆಸುತ್ತಿದ್ದರು. ಆ ಪುಡಿ ಗಾಯಕ್ಕೆ ಸೇರಿದರೆ ಗಂಟು ಕಟ್ಟಿ ಬೇಗ ಮಾಯುತ್ತಿರಲಿಲ್ಲ. ಅದಕ್ಕಿಂತ ಘೋರವಾದದ್ದು ದೀಪದ ಕಾರ್ಖಾನೆಗಳ ಕೆಲಸಗಾರರ ಪಾಡು. ಮಸಾಚುಸೆಟ್ಸ್ ರಾಜ್ಯದ ಸೇಲಂ ಊರಿನಲ್ಲಿ ಹಲವರು, ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು, ಶ್ವಾಸಕೋಶದ ಕಾಯಿಲೆಗೆ ಬಿದ್ದರು. 1949ರಲ್ಲಿ ಅಲ್ಲಿನ ದೀಪ ತಯಾರಕರು ಬೆರಿಲಿಯಂ ಬಿಟ್ಟರು. ಅಂದರೆ ಆ ಮಾತಿನ ಮೂಲಕಾರಣ ಹೋಗಿ ಮುಕ್ಕಾಲು ಶತಮಾನವಾಯಿತು. ಮಾತು ಮಾತ್ರ ಕಡಲು ದಾಟಿ ಬಂದು ನಮ್ಮಲ್ಲಿ ಬಾಳುತ್ತಿದೆ.

ಈಗ ಮನೆಯಲ್ಲಿ ಟ್ಯೂಬೋ ಸಿಎಫ್‌ಎಲ್ಲೋ ಒಡೆದರೆ ಏನು ಮಾಡಬೇಕು? ಮೊದಲ ಕೆಲಸ ಪೊರಕೆ ಹುಡುಕುವುದಲ್ಲ. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ಆಚೆ ಕಳಿಸಿ. ಸಾಕಿದ ನಾಯಿ ಬೆಕ್ಕನ್ನೂ. ಫ್ಯಾನು, ಎಸಿ ಆರಿಸಿ, ಕಿಟಕಿಗಳನ್ನು ತೆರೆದು, ಒಳಮನೆಯ ಕಡೆಗಿನ ಬಾಗಿಲು ಮುಚ್ಚಿ, ನೀವೂ ಹತ್ತು ಹದಿನೈದು ನಿಮಿಷ ಹೊರಗಿರಿ. ಮೊದಲ ಆವಿ ಗಾಳಿಗೆ ಹೋಗಲಿ. ಆಮೇಲೆ ಬನ್ನಿ, ಆದರೆ ಬೆರಳಿನ ಉಂಗುರ, ಬಳೆ ತೆಗೆದಿಟ್ಟು ಬನ್ನಿ. ಚಿನ್ನಕ್ಕೆ ಪಾದರಸ ತಾಗಿದರೆ ಎರಡೂ ಬೆರೆತು ಚಿನ್ನದ ಮೇಲೆ ಬಿಳಿ ಮಚ್ಚೆಯಾಗುತ್ತದೆ. ಇದನ್ನು ಅಕ್ಕಸಾಲಿಗರನ್ನು ಕೇಳಿದರೆ ಅವರೇ ಹೇಳುತ್ತಾರೆ. ಕೈಗೆ ರಬ್ಬರ್ ಗ್ಲೌಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ.

ಪೊರಕೆಯಿಂದ ಗುಡಿಸಿದರೆ ಬಿಳಿ ಪುಡಿ ಗಾಳಿಗೆ ಏಳುತ್ತದೆ, ಜೊತೆಗೆ ಆ ಪೊರಕೆ ನಾಳೆ ದೇವರಮನೆಗೂ ಅಡುಗೆಮನೆಗೂ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು. ಅದು ಪಾದರಸವನ್ನು ಹೀರಿ, ಬಿಸಿ ಮಾಡಿ, ಹಿಂದಿನಿಂದ ಕೋಣೆಗೆಲ್ಲ ಊದುತ್ತದೆ. ಬದಲಿಗೆ ಎರಡು ಗಟ್ಟಿ ರಟ್ಟು ತೆಗೆದುಕೊಳ್ಳಿ, ಹಳೆಯ ಲಗ್ನಪತ್ರಿಕೆಗಳು ಈ ಕೆಲಸಕ್ಕೆ ಬಹಳ ಚೆನ್ನ. ಒಂದರಿಂದ ಇನ್ನೊಂದರ ಮೇಲಕ್ಕೆ ಚೂರುಗಳನ್ನು ಮೆಲ್ಲಗೆ ಬಳಿದುಕೊಳ್ಳಿ. ಉಳಿದ ಸಣ್ಣ ಚೂರು, ಪುಡಿಯನ್ನು ಅಗಲವಾದ ಪ್ಯಾಕಿಂಗ್ ಟೇಪಿನ ಅಂಟು ಬದಿಯಿಂದ ಒತ್ತಿ ಎತ್ತಿ. ಕಡೆಗೆ ಒದ್ದೆ ಕಾಗದದಿಂದ ನೆಲ ಒರೆಸಿ. ಮೊಸಾಯಿಕ್ಕೋ ಗಾರೆಯೋ ಆದರೆ ಇಷ್ಟರಲ್ಲಿ ಮುಗಿಯುತ್ತದೆ. ರಟ್ಟು, ಟೇಪು, ಕಾಗದ, ಚೂರು ಎಲ್ಲವನ್ನೂ ಲೋಹದ ಮುಚ್ಚಳವಿರುವ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಹಳೆಯ ಉಪ್ಪಿನಕಾಯಿ ಬಾಟಲಿ ಸಾಕು. ಬಾಟಲಿಯನ್ನು ಮನೆಯೊಳಗೆ ಇಡಬೇಡಿ, ಬಿಸಿಲು ಬೀಳದ ಹೊರಜಾಗದಲ್ಲಿಡಿ. ಒರೆಸಿದ ನೀರನ್ನು ಸಿಂಕಿಗೆ ಸುರಿಯುವುದು ಬೇಡ. ಚೂರು ನೇರವಾಗಿ ಹಾಸಿಗೆಯ ಮೇಲೋ ಬಟ್ಟೆಯ ಮೇಲೋ ಬಿದ್ದಿದ್ದರೆ ಅದನ್ನು ವಾಷಿಂಗ್ ಮಷೀನಿಗೆ ಹಾಕಬಾರದು, ಬೇಸರವಾದರೂ ಬಿಸಾಡಬೇಕಾದದ್ದೇ. ಕೋಣೆಯ ಕಿಟಕಿಯನ್ನು ಇನ್ನೂ ಕೆಲವು ಗಂಟೆ ತೆರೆದೇ ಇಡಿ.

ಪಾದರಸದ ದೀಪ ಎಂದರೆ ಟ್ಯೂಬು ಮತ್ತು ಸಿಎಫ್‌ಎಲ್ ಮಾತ್ರ ಅಂದುಕೊಳ್ಳಬೇಡಿ. ಕುಡಿಯುವ ನೀರು ಶುದ್ಧ ಮಾಡುವ ಯುವಿ ಯಂತ್ರ ಮನೆಯಲ್ಲಿದ್ದರೆ ಅದರೊಳಗೆ ಉರಿಯುವ ಸಣ್ಣ ನೀಲಿ ಟ್ಯೂಬು ಸಾಮಾನ್ಯವಾಗಿ ಪಾದರಸದ್ದೇ. ಸರ್ವೀಸಿಗೆ ಬಂದ ಹುಡುಗ ಅದನ್ನು ಬದಲಿಸಿ ಹಳೆಯದನ್ನು ನಿಮ್ಮ ಕಸದ ಡಬ್ಬಿಗೇ ಹಾಕಿ ಹೋಗುತ್ತಾನೆ. ಹೋಟೆಲಿನಲ್ಲಿ ನೊಣ ಕೊಲ್ಲಲು ನೇತುಹಾಕುವ ನೇರಳೆ ದೀಪವೂ ಅದೇ ಜಾತಿ. ಮೊದಮೊದಲು ಬಂದ ಎಲ್‌ಸಿಡಿ ಟಿವಿಗಳ ಪರದೆಯ ಹಿಂದೆ ಪೆನ್ಸಿಲಿಗಿಂತ ಸಣ್ಣ ಪಾದರಸದ ಟ್ಯೂಬುಗಳ ಸಾಲೇ ಇತ್ತು. ಅಂಗಡಿಗಳ ಹೊಳೆಯುವ ಬೋರ್ಡುಗಳ ಒಳಗೂ ಟ್ಯೂಬುಗಳಿದ್ದವು, ಎಷ್ಟೋ ಕಡೆ ಇನ್ನೂ ಇವೆ. ಬೀದಿಯ ಹಳದಿ ಸೋಡಿಯಂ ದೀಪದಲ್ಲಿ ಇರುವುದು ಬರೀ ಸೋಡಿಯಂ ಅಲ್ಲ, ಅದರ ಜೊತೆ ಪಾದರಸವೂ ಬೆರೆತಿರುತ್ತದೆ, ಅದೂ ಸಿಎಫ್‌ಎಲ್‌ಗಿಂತ ಹೆಚ್ಚು. ಹಳೆಯ ಗುಂಡು ಬಲ್ಬು, ಹೊಸ ಎಲ್‌ಇಡಿ, ಇವೆರಡರಲ್ಲಿ ಪಾದರಸ ಇಲ್ಲ. ಅನುಮಾನ ಬಂದರೆ ದೀಪದ ಬುಡವನ್ನೋ ಪೆಟ್ಟಿಗೆಯನ್ನೋ ನೋಡಿ. ಪಾದರಸದ ರಾಸಾಯನಿಕ ಸಂಕೇತವಾದ ‘ಎಚ್‌ಜಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದರೆ ಪಾದರಸ ಇದೆ ಎಂದೇ ಅರ್ಥ.

ಮನೆಯ ಮಾತು ಇಷ್ಟು. ಮನೆಯಿಂದ ಆಚೆಗೆ ದೀಪ ಹೋದ ಮೇಲಿನ ಕಥೆಯೇ ನನಗೆ ಹೆಚ್ಚು ಕಳವಳ ತರುವುದು. ಮನೆಯಲ್ಲಿ ಒಡೆಯುವುದು ಅಪರೂಪಕ್ಕೆ ಒಂದು. ಆಟೋ ಟಿಪ್ಪರಿನಲ್ಲಿ ದಿನಾ ಒಡೆಯುತ್ತವೆ. ಒಣ ಕಸದ ಜೊತೆ ಹೋದದ್ದನ್ನು ಪೌರಕಾರ್ಮಿಕರು ಬರಿಗೈಯಲ್ಲಿ ಬೇರ್ಪಡಿಸುತ್ತಾರೆ. ಟಿಪ್ಪರಿನಿಂದ ದೊಡ್ಡ ಲಾರಿಗೆ ಬಿದ್ದದ್ದು ಒತ್ತುಯಂತ್ರದ ಕೆಳಗೆ ನುಚ್ಚಾಗುತ್ತದೆ. ಕಸದ ಗುಡ್ಡ ತಲುಪಿದ್ದರಲ್ಲಿ ಅಲ್ಯೂಮಿನಿಯಂ ಟೋಪಿ, ಹಿತ್ತಾಳೆ ಪಿನ್ನು ಬೇಕೆಂದು ಚಿಂದಿ ಆಯುವ ಹೆಂಗಸು ತುದಿಯನ್ನು ಕಲ್ಲಿಗೆ ಬಡಿಯುತ್ತಾಳೆ. ಕಸದ ಗುಡ್ಡಕ್ಕೆ ಬೆಂಕಿ ಬಿದ್ದರೆ ಪಾದರಸ ಹೊಗೆಯ ಜೊತೆ ಹೊರಡುತ್ತದೆ, ಯಾಕೆಂದರೆ ಅದು 357 ಡಿಗ್ರಿಯಲ್ಲೇ ಕುದಿಯುತ್ತದೆ. ಬೆಂಕಿ ಬೀಳದಿದ್ದರೆ ಕೊಳೆತ ರಸದ ಜೊತೆ ಕೆರೆಗೆ. ಕೆರೆಯ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಈ ರೂಪ ಹೊಟ್ಟೆಗೆ ಹೋದರೆ ಮೈಗೆ ಸೇರಿಯೇ ಸೇರುತ್ತದೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ನಮ್ಮ ತಟ್ಟೆಗೆ ಹಂತಹಂತವಾಗಿ ಹೆಚ್ಚುತ್ತ ಬರುತ್ತದೆ. ಜಪಾನಿನ ಮಿನಮಾಟ ಕೊಲ್ಲಿಯ ಮೀನುಗಾರರಿಗೆ ಆದದ್ದು ಇದೇ. ಅಲ್ಲಿ ಕೊಲ್ಲಿಗೆ ಪಾದರಸ ಬಿಟ್ಟದ್ದು ಒಂದು ರಾಸಾಯನಿಕ ಕಾರ್ಖಾನೆ; ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ, ಕಾರ್ಖಾನೆ ಆ ಕೆಲಸ ನಿಲ್ಲಿಸಿದ್ದು 1968ರಲ್ಲಿ. ನಡುವೆ ಹನ್ನೆರಡು ವರ್ಷ.

ನಮಗೆ ಹತ್ತಿರದ ಉದಾಹರಣೆ ಪಕ್ಕದ ತಮಿಳುನಾಡಿನ ಕೊಡೈಕೆನಾಲ್. ಅಲ್ಲಿ ಒಡೆದದ್ದು ದೀಪವಲ್ಲ, ಥರ್ಮಾಮೀಟರು. ಆದರೆ ಪಾಠ ದೀಪಕ್ಕೂ ಅದೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಎಂಬಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆ 1980ರ ದಶಕದ ಮೊದಲಲ್ಲಿ ಕೊಡೈ ಬೆಟ್ಟಕ್ಕೆ ಬಂತು, ಮುಂದೆ ಹಿಂದೂಸ್ತಾನ್ ಲಿವರ್ ಕಂಪನಿಯ ಕೈಗೆ ಸೇರಿತು. ಒಡೆದ ಥರ್ಮಾಮೀಟರಿನ ಗಾಜು, ಪಾದರಸ ಅಂಟಿದ್ದು, ಊರಿನ ಗುಜರಿ ಅಂಗಡಿಗೆ ಹೋಗಿತ್ತು. 2001ರ ಮಾರ್ಚಿನಲ್ಲಿ ಊರವರೂ ಪರಿಸರ ಕಾರ್ಯಕರ್ತರೂ ಮುಂಜಿಕ್ಕಲ್ ಎಂಬ ಜನವಸತಿಯ ಆ ಗುಜರಿಯಲ್ಲಿ ಟನ್ನುಗಟ್ಟಲೆ ಗಾಜು ಬಿದ್ದಿರುವುದನ್ನು ತೋರಿಸಿದರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ಪಾದರಸದ ತ್ಯಾಜ್ಯವನ್ನು ಹಡಗಿಗೇರಿಸಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಶುದ್ಧೀಕರಣಕ್ಕೆ ಕಳಿಸಬೇಕಾಯಿತು. ಅಲ್ಲಿ ದುಡಿದಿದ್ದ 591 ಮಂದಿಯೊಂದಿಗೆ ಕಂಪನಿ ಒಪ್ಪಂದ ಮಾಡಿಕೊಂಡದ್ದು 2016ರಲ್ಲಿ. ಕಾರ್ಖಾನೆ ನಿಂತಿದ್ದ ಮಣ್ಣನ್ನು ಎಷ್ಟು ಶುದ್ಧ ಮಾಡಿದರೆ ಸಾಕು ಎಂಬ ವಾದ ಅದಾದ ಮೇಲೂ ನಡೆಯಿತು. ಗುಜರಿಯವರು ಆ ಗಾಜನ್ನು ಕೊಂಡದ್ದು ಅದಕ್ಕೆ ಬೆಲೆ ಇದ್ದುದರಿಂದ. ಅದರ ಮೇಲೇನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟ್ಯೂಬ್‌ಲೈಟಿಗೆ ಬೆಲೆ ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಭಾಗವನ್ನು ಮರೆಯಬಾರದು.

ಹಾಗಾದರೆ ಈ ದೀಪಗಳಿಗೆ ಸರಿಯಾದ ದಾರಿ ಯಾವುದು? ತಂತ್ರಜ್ಞಾನ ಇಲ್ಲ ಎಂದಲ್ಲ. ಮರುಬಳಕೆ ಘಟಕದಲ್ಲಿ ಟ್ಯೂಬಿನ ಎರಡೂ ತುದಿಯನ್ನು ನುಗ್ಗೆಕಾಯಿಯ ತೊಟ್ಟು ತೆಗೆದ ಹಾಗೆ ಕತ್ತರಿಸಿ, ಒಳಗಿನ ಪುಡಿಯನ್ನು ಗಾಳಿ ಊದಿ ಹೊರತಳ್ಳುತ್ತಾರೆ. ಸಿಎಫ್‌ಎಲ್‌ನಂಥ ಸೊಟ್ಟ ದೀಪಗಳನ್ನು ಮುಚ್ಚಿದ ಯಂತ್ರದಲ್ಲಿ ಪುಡಿಮಾಡಿ ಜರಡಿ ಹಿಡಿಯುತ್ತಾರೆ. ಯಂತ್ರದೊಳಗೆ ಸದಾ ಹೊರಗಿಗಿಂತ ಕಡಿಮೆ ಒತ್ತಡ ಇಟ್ಟಿರುವುದರಿಂದ ಆವಿ ಸೋರುವುದಿಲ್ಲ. ಹೀರಿಕೊಂಡ ಗಾಳಿ ಗಂಧಕ ಸೇರಿಸಿದ ಇದ್ದಿಲಿನ ಪದರದ ಮೂಲಕ ಹೋಗುತ್ತದೆ. ಗಾಜು ಗಾಜಿನ ಕೆಲಸಕ್ಕೆ, ಅಲ್ಯೂಮಿನಿಯಂ ಕರಗಿಸಲು. ಉಳಿದ ಪುಡಿಯನ್ನು ಕುಲುಮೆಯಲ್ಲಿ ಕಾಯಿಸಿದಾಗ ಪಾದರಸ ಆವಿಯಾಗಿ ಎದ್ದು, ತಣ್ಣಗಾಗಿ, ಮತ್ತೆ ಹನಿಯಾಗುತ್ತದೆ. ಯಾರಿಗೂ ಬೇಡದ ಪಾದರಸವನ್ನು ಶಾಶ್ವತವಾಗಿ ಕಟ್ಟಿಹಾಕಬೇಕೆಂದರೆ ಗಂಧಕದ ಜೊತೆ ಬೆರೆಸಿ ಕರಗದ ಸಂಯುಕ್ತ ಮಾಡುತ್ತಾರೆ. ನಮ್ಮ ರಸವೈದ್ಯರು ಕಲ್ವದಲ್ಲಿ ಪಾದರಸ ಗಂಧಕ ಅರೆದು ಕಪ್ಪು ಕಜ್ಜಲಿ ಮಾಡುತ್ತಿದ್ದುದು ಇದೇ ರಸಾಯನ. ಉದ್ದೇಶ ಬೇರೆ ಅಷ್ಟೆ.

ಆ ಬಿಳಿ ಪುಡಿಯಲ್ಲಿ ಇನ್ನೊಂದು ಸಂಗತಿಯಿದೆ. ಒಳ್ಳೆಯ ಬೆಳಕು ಕೊಡುವ ತೆಳು ಟ್ಯೂಬುಗಳ ಪುಡಿಯಲ್ಲಿ ಯಟ್ರಿಯಂ, ಯೂರೋಪಿಯಂ, ಟರ್ಬಿಯಂ ಎಂಬ ವಿರಳ ಲೋಹಗಳಿವೆ. ಚೀನಾ ಇವುಗಳ ರಫ್ತು ಬಿಗಿ ಮಾಡಿ ಬೆಲೆ ಆಕಾಶಕ್ಕೇರಿದಾಗ ಸಾಲ್ವೇ ಎಂಬ ಕಂಪನಿ ಫ್ರಾನ್ಸಿನಲ್ಲಿ ಹಳೆಯ ದೀಪದ ಪುಡಿಯಿಂದಲೇ ಅವನ್ನು ತೆಗೆಯಲು 2012ರಲ್ಲಿ ಆರಂಭಿಸಿತು. ಬೆಲೆ ಇಳಿಯಿತು, ದೀಪಗಳೂ ಎಲ್‌ಇಡಿಗೆ ದಾರಿ ಬಿಟ್ಟವು. 2016ರಲ್ಲಿ ಆ ಕೆಲಸ ನಿಂತಿತು. ಅಷ್ಟು ಸಂಘಟಿತವಾದ ಯುರೋಪಿನಲ್ಲೇ ಸತ್ತ ದೀಪ ತನ್ನ ಖರ್ಚನ್ನು ತಾನೇ ದುಡಿಯಲಿಲ್ಲ ಎಂದ ಮೇಲೆ ನಮ್ಮಲ್ಲಿ ಅದು ಲಾಭ ತರುತ್ತದೆ ಎಂದು ಕಾಯುವುದು ದಡ್ಡತನ. ದೀಪ ಒಯ್ಯುವ ಖರ್ಚನ್ನು ಯಾರೋ ಕೊಡಲೇಬೇಕು.

ಯಾರು ಕೊಡಬೇಕು ಎಂಬುದನ್ನು ಕಾಗದದ ಮೇಲೆ ನಾವು ಯಾವಾಗಲೋ ತೀರ್ಮಾನಿಸಿದ್ದೇವೆ. 2016ರ ಇ-ತ್ಯಾಜ್ಯ ನಿಯಮಗಳು ಸಿಎಫ್‌ಎಲ್ಲನ್ನೂ ಪಾದರಸದ ಇತರ ದೀಪಗಳನ್ನೂ ಪಟ್ಟಿಗೆ ಸೇರಿಸಿದವು. ಅಂದರೆ ತಯಾರಿಸಿ ಮಾರಿದ ಕಂಪನಿಗೇ ಅವುಗಳ ಕೊನೆಯ ಹೊಣೆ. ಅದೇ ವರ್ಷದ ಘನ ತ್ಯಾಜ್ಯ ನಿಯಮಗಳು ಟ್ಯೂಬ್‌ಲೈಟನ್ನೂ ಸಿಎಫ್‌ಎಲ್ಲನ್ನೂ ಗೃಹ ಅಪಾಯಕಾರಿ ತ್ಯಾಜ್ಯ ಎಂದು ಹೆಸರಿಸಿ, ಪ್ರತಿ ಇಪ್ಪತ್ತು ಚದರ ಕಿಲೋಮೀಟರಿಗೆ ಒಂದರಂತೆ ಅದನ್ನು ಒಪ್ಪಿಸುವ ಕೇಂದ್ರ ತೆರೆಯಬೇಕು ಎಂದು ನಗರಸಭೆಗಳಿಗೆ ಹೇಳಿದವು. ನಿಮ್ಮ ಊರಿನ ಕೇಂದ್ರ ಎಲ್ಲಿದೆ ಎಂದು ಪುರಸಭೆಯ ಆರೋಗ್ಯ ನಿರೀಕ್ಷಕರನ್ನು ಒಮ್ಮೆ ಕೇಳಿ. ಉತ್ತರ ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಅದೇ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. 2023ರ ಏಪ್ರಿಲಿನಿಂದ ಜಾರಿಯಾದ ಹೊಸ ಇ-ತ್ಯಾಜ್ಯ ನಿಯಮಗಳಲ್ಲಿ ನನಗೆ ಒಂದು ತಕರಾರಿದೆ. ಮರುಬಳಕೆ ಘಟಕಗಳಿಗೆ ಸಿಗುವ, ಕಂಪನಿಗಳಿಗೆ ಮಾರಬಹುದಾದ ಪ್ರಮಾಣಪತ್ರದ ಲೆಕ್ಕ ನಡೆಯುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಇವುಗಳ ತೂಕದ ಮೇಲೆ. ಗಾಜು ಮತ್ತು ವಿಷಪುಡಿ ತುಂಬಿದ ದೀಪದಿಂದ ಆ ಲೆಕ್ಕಕ್ಕೆ ಏನು ಸಿಕ್ಕೀತು? ಬೀದಿಯ ತಕ್ಕಡಿ ಬೇಡವೆಂದದ್ದನ್ನು ದೆಹಲಿಯ ತಕ್ಕಡಿಯೂ ಬದಿಗಿಟ್ಟ ಹಾಗಾಯಿತು. ಪಾದರಸಕ್ಕೆ ಬೇರೆಯೇ ಲೆಕ್ಕ ಇರಬೇಕು: ಎಷ್ಟು ಲೋಹ ಗಳಿಸಿದಿರಿ ಎಂದಲ್ಲ, ಎಷ್ಟು ವಿಷ ತಡೆದಿರಿ ಎಂದು.

ಇದನ್ನೆಲ್ಲ ಈಗ ಹೇಳಬೇಕಾದ ತುರ್ತು ಏನು, ಸಿಎಫ್‌ಎಲ್ ಕಾಲ ಮುಗಿಯಿತಲ್ಲ ಎನ್ನಬಹುದು. 2009ರಲ್ಲಿ ಬಚತ್ ಲ್ಯಾಂಪ್ ಯೋಜನೆ ಬಂದಾಗ ಗುಂಡು ಬಲ್ಬು ತಂದುಕೊಟ್ಟವರಿಗೆ ಸಿಎಫ್‌ಎಲ್ಲನ್ನು ಹದಿನೈದು ರೂಪಾಯಿಗೆ ಕೊಡುವ ಏರ್ಪಾಡಾಯಿತು. ಕಡಿಮೆ ವಿದ್ಯುತ್ ಎಂದರೆ ಕಡಿಮೆ ಕಲ್ಲಿದ್ದಲು, ಕಲ್ಲಿದ್ದಲಿನ ಹೊಗೆಯಲ್ಲೂ ಪಾದರಸ ಇರುವುದರಿಂದ ಒಟ್ಟಾರೆ ಪಾದರಸವೂ ಕಡಿಮೆ ಎಂಬ ವಾದ ಆಗ ಇತ್ತು. ವಾದ ತಪ್ಪಲ್ಲ. ಆದರೆ ಕೊಡುವಾಗ ಇದ್ದ ಉತ್ಸಾಹ ಹಿಂದಕ್ಕೆ ಪಡೆಯುವಾಗ ಕಾಣಲಿಲ್ಲ. ಆಮೇಲೆ 2015ರ ಕೊನೆಗೆ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಎಲ್‌ಇಡಿ ಬಂತು, ಸಿಎಫ್‌ಎಲ್ ಹಿಂದೆ ಸರಿಯಿತು. ಈಗ ಟ್ಯೂಬ್‌ಲೈಟಿನ ಸರದಿ. ಮಿನಮಾಟದ ಹೆಸರಿನಲ್ಲೇ ಇರುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2014ರಲ್ಲಿ ಸಹಿ ಹಾಕಿ 2018ರಲ್ಲಿ ಅನುಮೋದನೆ ನೀಡಿದೆ. ಅದರ ಸದಸ್ಯ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, ಸಾಮಾನ್ಯ ಬೆಳಕಿನ ಫ್ಲೋರೆಸೆಂಟ್ ದೀಪಗಳ ತಯಾರಿಕೆ, ಆಮದು, ರಫ್ತು 2027ರ ಹೊತ್ತಿಗೆ ನಿಲ್ಲಬೇಕು ಎಂದು ತೀರ್ಮಾನಿಸಿವೆ. ಹೊಸದು ಬರುವುದು ನಿಲ್ಲುತ್ತದೆ. ಗೋಡೆಯ ಮೇಲಿರುವುದು ಇಳಿಯಬೇಕು. ಶಾಲೆ, ಕಾಲೇಜು, ಕಲ್ಯಾಣ ಮಂಟಪ, ಬ್ಯಾಂಕು, ಆಸ್ಪತ್ರೆ, ಗೋದಾಮು, ತಾಲ್ಲೂಕು ಕಚೇರಿ, ಎಲ್ಲ ಕಡೆಯಿಂದ ಸಾಲುಸಾಲಾಗಿ ಟ್ಯೂಬುಗಳು ಇಳಿಯುತ್ತಿರುವ ಕಾಲ ಇದು. ದೀಪದ ಕಾಲ ಮುಗಿಯಿತು, ಅದರ ಕಸದ ಕಾಲ ಈಗ ನಡೆಯುತ್ತಿದೆ.

ಮನೆಯವರು ಮಾಡಬಹುದಾದದ್ದು ಸಣ್ಣದು. ಹೊಸ ಟ್ಯೂಬಿನ ರಟ್ಟಿನ ಕವಚವನ್ನು ಬಿಸಾಡದೆ ಹಳೆಯದನ್ನು ಅದರಲ್ಲೇ ತೂರಿಸಿ ನೆಟ್ಟಗೆ ನಿಲ್ಲಿಸಿಡಿ. ಕಸದ ಗಾಡಿಗೆ ಕೊಡಲೇಬೇಕಾದರೆ ಬೇರೆಯಾಗಿ ಕೈಗೆ ಕೊಟ್ಟು ಬಾಯಿಬಿಟ್ಟು ಹೇಳಿ. ಅಪಾರ್ಟ್‌ಮೆಂಟಿನವರಾದರೆ ಒಂದು ಮೂಲೆಯಲ್ಲಿ ಗಟ್ಟಿ ಪೆಟ್ಟಿಗೆ ಇಟ್ಟು ತುಂಬಿದ ಮೇಲೆ ಅನುಮತಿ ಇರುವ ಇ-ತ್ಯಾಜ್ಯ ಘಟಕವನ್ನು ಕರೆಯುವುದು ಸುಲಭ. ಅಂಥ ಘಟಕಗಳ ವಿವರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಆದರೆ ಪಾದರಸದ ದೀಪ ತೆಗೆದುಕೊಳ್ಳುತ್ತೀರಾ ಎಂದು ಮೊದಲೇ ವಿಚಾರಿಸಿ. ಕಂಪ್ಯೂಟರ್ ಒಯ್ಯುವವರೆಲ್ಲ ದೀಪ ಒಯ್ಯುವುದಿಲ್ಲ.

ಕಚೇರಿ, ಸಂಸ್ಥೆಗಳ ಮಾತು ಬೇರೆ. ಅಲ್ಲಿ ಹಳೆಯ ಟ್ಯೂಬು ಇಳಿಸುವುದು ಎಲ್‌ಇಡಿ ಹಾಕುವ ಗುತ್ತಿಗೆದಾರ. ಇಳಿಸಿದ್ದನ್ನು ‘ಡಿಸ್ಪೋಸ್’ ಮಾಡುವುದೂ ಅವನದೇ ಎಂದು ಟೆಂಡರಿನಲ್ಲಿ ಒಂದು ಸಾಲು ಇರುತ್ತದೆ, ಅದರ ಅರ್ಥ ಊರಾಚೆಯ ಹಳ್ಳ ಎಂದು ಎರಡೂ ಕಡೆಯವರಿಗೂ ಗೊತ್ತಿರುತ್ತದೆ. ಆ ಸಾಲನ್ನು ತಿದ್ದಬಹುದು. ಇಳಿಸಿದ ಟ್ಯೂಬುಗಳ ಸಂಖ್ಯೆ ಎಣಿಸಿ ಬರೆಯಬೇಕು, ಒಡೆಯದಂತೆ ಪೆಟ್ಟಿಗೆಯಲ್ಲಿಟ್ಟು ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸಬೇಕು, ಘಟಕದ ರಸೀದಿಯಲ್ಲಿರುವ ಸಂಖ್ಯೆ ಇಳಿಸಿದ ಸಂಖ್ಯೆಗೆ ತಾಳೆಯಾಗಬೇಕು, ಸಾಗಣೆಯ ಖರ್ಚನ್ನು ಅಂದಾಜಿನಲ್ಲೇ ಬೇರೆ ಬಾಬಾಗಿ ಸೇರಿಸಬೇಕು, ರಸೀದಿ ಬರುವವರೆಗೆ ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗಬಾರದು. ಶಾಲೆಯ ಮುಖ್ಯೋಪಾಧ್ಯಾಯರು, ಬ್ಯಾಂಕಿನ ಮ್ಯಾನೇಜರು, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಯಾರಾದರೂ ಈಗ ನನ್ನ ಮಾತು ಕೇಳುತ್ತಿದ್ದರೆ, ನಿಮ್ಮ ಮುಂದಿನ ಎಲ್‌ಇಡಿ ಟೆಂಡರಿಗೆ ಸಹಿ ಹಾಕುವ ಮೊದಲು ಇಷ್ಟನ್ನು ಸೇರಿಸಿಕೊಳ್ಳಿ.